ಜಾಕೆಟ್

ನಮ್ಮ ಜಮೈಕಾದಲ್ಲಿ, ಈ ಬ್ಲ್ಯಾಕ್ ರಿವರಿನಲ್ಲಿ,
ಒಬ್ಬನ ಮಗುವನ್ನು ಇನ್ನೊಬ್ಬನ ಹೆಗಲಿಗೆ ತೊಡಿಸಿದರೆ
ಅದಕ್ಕೆ ಜಾಕೆಟ್ ಅಂತಾರೆ.
ನಾನು ದರ್ಜಿ. ಇದೇ ಅಂಗಡಿಯಲ್ಲಿ ಕೂತು
ಎಷ್ಟು ಜನರ ಜಾಕೆಟ್ಟಿಗೆ ನಕ್ಕಿದ್ದೇನೆ,
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಶುರುವಾದದ್ದು ಕಿವಿಯಿಂದ.
ನನ್ನಕ್ಕ ಮರ್ನೆಲ್, ಮಿಡಲ್ ಕ್ವಾರ್ಟರ್ಸಿನ ರಸ್ತೆ ಬದಿ
ಖಾರದ ಸಿಗಡಿ ಮಾರುವವಳು, ಒಂದು ಭಾನುವಾರ
ಹುಡುಗಿಯ ಜಡೆ ಹೆಣೆಯುತ್ತ ತಟ್ಟನೆ ಕೈ ನಿಲ್ಲಿಸಿದಳು:
'ಲ್ಯಾಸೆಲ್ಸ್, ನಮ್ಮಲ್ಲಿ ಯಾರಿಗೂ
ಕಿವಿಯ ಹಾಲೆ ಹೀಗೆ ಕೆನ್ನೆಗೆ ಅಂಟಿಲ್ಲ ನೋಡು.'
ಅಷ್ಟೆ. ಆಮೇಲೆ ಜಡೆ ಮುಗಿಸಿದಳು.
ಆ ರಾತ್ರಿ ನಾನು ಕನ್ನಡಿ ಮುಂದೆ ನಿಂತು
ನನ್ನ ಕಿವಿಯನ್ನು ಮೊದಲ ಸಲ ನೋಡಿದೆ.

ಅಕೀ ಹಣ್ಣು ಮರದಲ್ಲೇ, ತಾನಾಗಿ, ಬಾಯಿ ಬಿಡಬೇಕು.
ತಡೆಯಲಾರದೆ ಸೀಳಿ ತಿಂದರೆ ವಿಷ.
ಇಲ್ಲಿ ಎಳೆ ಮಕ್ಕಳಿಗೂ ಗೊತ್ತು.
ನಾನು ತಡೆಯಲಿಲ್ಲ.
ಎರಡು ಬಸ್ಸು ಬದಲಿಸಿ ಕಿಂಗ್‌ಸ್ಟನ್ನಿಗೆ ಹೋದೆವು.
ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸುವಾಗ
ಕಚಗುಳಿ ಆಗತ್ತೆ ಅಂತ ನಕ್ಕಳು,
ನನ್ನ ಬೆರಳು ಹಿಡಿದುಕೊಂಡೇ ನಕ್ಕಳು.

ಲಕೋಟೆ ಬಂತು. ಸೊನ್ನೆ.
ಅಳತೆಯ ಟೇಪೂ ಸೊನ್ನೆಯಿಂದಲೇ ಶುರು,
ಆದರೆ ಅಲ್ಲೇ ಮುಗಿದದ್ದನ್ನು ನಾನು ಕಂಡಿರಲಿಲ್ಲ.

ಕೋರ್ಟಿನಲ್ಲಿ ಅಯೋನಿ ಅಳಲಿಲ್ಲ.
'ನನಗೂ ಗೊತ್ತಿರಲಿಲ್ಲ, ಮೇಡಂ.
ಆ ತಿಂಗಳು ಇವನು ಜಗಳ ಆಡಿ ಹೊರಟುಹೋಗಿದ್ದ.
ಲೆಕ್ಕ ಹಾಕಿದೆ, ಲೆಕ್ಕ ಇವನ ಕಡೆಗೇ ಬಂತು.
ಬರಲಿ ಅಂತಲೇ ಹಾಕಿದೆನೋ ಏನೋ.'
ಒಂದೇ ಸೂರಿನಡಿ ಇದ್ದ ಏಳು ವರ್ಷದಲ್ಲಿ
ಇಷ್ಟು ನಿಜ ಅವಳು ನನಗೆ ಆಡಿರಲಿಲ್ಲ.

ನನ್ನ ವಕೀಲ ಚುರುಕು ಹುಡುಗ, ಅವನ ಸೂಟು ನಾನು ಹೊಲಿದದ್ದಲ್ಲ.
'ರಿಜಿಸ್ಟರಿನಿಂದ ನಿಮ್ಮ ಹೆಸರು ತೆಗೆಸೋಣ,
ಜೀವನಾಂಶ ನಿಲ್ಲಿಸೋಣ. ಒಂಬತ್ತು ವರ್ಷ ಕೊಟ್ಟದ್ದನ್ನು
ವಾಪಸು ಕೇಳಿ ನೋಡೋಣ. ಪಟ್ಟಿ ಮಾಡಿ ತನ್ನಿ.'

ಕೂತೆ, ಪಟ್ಟಿ ಮಾಡಲು.
ಹಾಲಿನ ಪುಡಿ. ಶೂ, ಶೂ, ಮತ್ತೆ ಶೂ.
ಡೆಂಗಿ ಬಂದಾಗ ಆಸ್ಪತ್ರೆಯಲ್ಲಿ ಐದು ರಾತ್ರಿ:
ರಾತ್ರಿಗೆ ಎಷ್ಟು ಅಂತ ಹಾಕಲಿ?
ಚಂಡಮಾರುತದ ದಿನ ಮೇಜಿನ ಕೆಳಗೆ ಅವಳಿಗೆ ಹೇಳಿದ ಸುಳ್ಳುಗಳು.
ನನ್ನ ಕಣ್ಣು ಮಂಜಾದ ಮೇಲೆ
ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ಅವಳು.
ಅದು ಯಾರ ಲೆಕ್ಕಕ್ಕೆ?

ಹಾಳೆ ಹರಿದೆ. ಆದರೆ ಹೆಸರು ತೆಗೆಸುವ ಅರ್ಜಿಗೆ
ಸಹಿ ಹಾಕಿದೆ. ಸುಳ್ಳು ಯಾಕೆ, ಹಾಕಿದೆ.
ಬೀದಿ ನಗುತ್ತಿತ್ತು. ನಾನೇ ಕಲಿಸಿದ ನಗು.

ಮೂರು ವಾರದ ಮೇಲೆ, ಶಾಲೆ ಬಿಟ್ಟ ಹೊತ್ತಿಗೆ,
ಬಾಗಿಲಲ್ಲಿ ಟಮಾಯಾ. ತೋಳಿನ ಮೇಲೆ ನೀಲಿ ಸಮವಸ್ತ್ರ.
ಯಾವತ್ತೂ ಹೊಸ್ತಿಲಿಂದಲೇ ಕೂಗುತ್ತಿದ್ದ ಆ ಒಂದು ಪದ
ಇವತ್ತು ಕೂಗಲಿಲ್ಲ. ಬೇರೆ ಪದವೂ ಅವಳ ಬಳಿ ಇರಲಿಲ್ಲ.
'ಗಿಡ್ಡ ಆಗಿದೆ,' ಎಂದಳು, ಬಟ್ಟೆಗೇ ಹೇಳುವವಳಂತೆ.
'ಈ ಸಲ ದುಡ್ಡು ಕೊಡಬೇಕಂತೆ. ಅಮ್ಮ ಹೇಳಿದಾಳೆ.'

ಬೆಳೆಯುವ ಮಕ್ಕಳ ಬಟ್ಟೆಗೆ ಅಂಚಿನೊಳಗೆ
ನಾಲ್ಕು ಬೆರಳು ಮಡಿಚಿ ಬಿಡುತ್ತೇನೆ.
ಇವಳದಕ್ಕೆ ಆರು ಬಿಟ್ಟಿದ್ದೆ.
ಹೊಲಿಗೆ ಬಿಚ್ಚಿದೆ. ಒಳಗಿನ ಬಟ್ಟೆ
ಬಿಸಿಲು ಕಾಣದೆ, ಅಂಗಡಿಯಿಂದ ತಂದ ದಿನದಷ್ಟೇ ನೀಲಿ.
ನಾನು ಕೇಳದೆಯೇ ಅವಳು ಸೂಜಿಗೆ ದಾರ ಪೋಣಿಸಿದಳು,
ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು
ಒಂದು ಹೆಜ್ಜೆ ಹಿಂದೆ ನಿಂತಳು.

'ಎಷ್ಟು?'
'ಇನ್ನೂರು ಡಾಲರ್.' ಬೇರೆಯವರಿಗೆ ಐನೂರು.
ಬೆವರಿದ ಮುಷ್ಟಿಯಿಂದ ಎರಡು ನೋಟು ಬಿಡಿಸಿ ಕೊಟ್ಟಳು.
ತೆಗೆದುಕೊಂಡೆ.
ಬೇಡ ಅಂದಿದ್ದರೆ ಯಾವ ಹೆಸರಿನಲ್ಲಿ ಬೇಡ ಅನ್ನಬೇಕಿತ್ತು?

ಹಳೆ ಮಡಿಕೆಯ ಗೆರೆ ಮಾತ್ರ
ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗಲಿಲ್ಲ.
'ಇದು ಹೀಗೇ ಇರತ್ತೆ,' ಅಂದೆ.
'ಗೊತ್ತು,' ಅಂದಳು.

ನಾನು ಬಿಚ್ಚಿದ್ದು ನಾಲ್ಕೇ ಬೆರಳು.
ಇನ್ನೆರಡು ಒಳಗೇ ಇದೆ.
ಅದನ್ನು ಹೇಳಲಿಲ್ಲ.